ಬಿಸಿಲಿಗೊಂದು ಕರ್ಚೀಫು

ಲೋಕಲ್ ರೈಲಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿಯುವವರನ್ನು ನೀವು ನೋಡಿರುತ್ತೀರಿ. ಬಿಸಿಲಿಗೆ ಕರ್ಚೀಫು ಹಾಕಿ ಜಾಗ ಹಿಡಿಯುವವರನ್ನು ನೋಡಿದ್ದೀರಾ? ಇಲ್ಲವಾದರೆ ಕೆಲವು ತಿಂಗಳ ಹಿಂದಕ್ಕೆ ಹೋಗಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬನ್ನಿ. ಹಾಲ್‌ನ ಕಿಟಕಿಯ ಕೆಳಗೆ, ಟೈಲ್ಸ್ ಮೇಲೆ, ನೀಲಿ ಚೌಕಳಿಯ ಕರ್ಚೀಫೊಂದು ಬಿದ್ದುಕೊಂಡಿರುತ್ತದೆ. ಯಾರೋ ಬೀಳಿಸಿಕೊಂಡಿದ್ದಾರೆ ಎಂದು ಎತ್ತಿ ಕೊಡಲು ಹೋಗಬೇಡಿ. ಅದು ನನ್ನ ಮಾವನವರ, ಅಂದರೆ ನನ್ನ ಗಂಡನ ಅಪ್ಪನ, ರಿಸರ್ವೇಶನ್. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿಗೆ ಬಿಸಿಲು ಬಂದು ಬೀಳಲಿದೆ. ಆ ಬಿಸಿಲಿನಲ್ಲಿ ಕೂರಲಿರುವವರು ಮಾವನವರೂ ಅಲ್ಲ, ಅವರ ಬಸಳೆ ಬಳ್ಳಿ.

ನಾನು ಮೈಸೂರಿನವಳು. ಬಿಸಿಲು ಅನ್ನುವುದು ಜಗಳ ಮಾಡಿ ಪಡೆಯಬೇಕಾದ ವಸ್ತು ಎಂದು ತವರಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಲ್ಲಿ ನಮ್ಮ ಇಡೀ ಮನೆಗೆ ಬರುವುದು ಒಂದೇ ತುಂಡು ಬಿಸಿಲು. ಪಕ್ಕದಲ್ಲಿ ಎದ್ದಿರುವ ಹೊಸ ಟವರ್‌ಗೂ ಅದರಾಚೆಯ ಕಟ್ಟಡಕ್ಕೂ ನಡುವಿನ ಸಂದಿಯಿಂದ ಅದು ನುಸುಳಿ ಬರಬೇಕು. ಮಧ್ಯಾಹ್ನದ ಪಾತ್ರೆ ತೊಳೆದು ಮುಗಿಯುವ ಹೊತ್ತಿಗೆ ಕಿಟಕಿಯ ಕೆಳಗೆ ಇಳಿಯುತ್ತದೆ. ಮೆಲ್ಲಗೆ ಸೋಫಾದ ಕಾಲು ಮುಟ್ಟಿ, ಶೂ ಸ್ಟ್ಯಾಂಡ್ ಹತ್ತಿ, ಗೋಡೆಯ ಕ್ಯಾಲೆಂಡರ್ ತನಕ ಹೋಗಿ ಮಾಯವಾಗುತ್ತದೆ. ಈ ಒಂದು ತುಂಡಿಗೆ ನಾವು ನಾಲ್ವರು ವಾರಸುದಾರರು. ನನಗೆ ಬಟ್ಟೆ ಒಣಗಬೇಕು. ಅತ್ತೆಗೆ ಸಂಡಿಗೆ ಒಣಗಬೇಕು. ನನ್ನ ಮಗಳಿಗೆ ಅಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳಬೇಕು, ಮುಖಕ್ಕೆ ಲೈಟಿಂಗ್ ಚೆನ್ನಾಗಿ ಬರುತ್ತದಂತೆ. ಗೆಲ್ಲುವುದು ಮಾತ್ರ ಬಸಳೆ.

"ಮಾವ, ಇವತ್ತೊಂದಿನ ನನ್ನ ಬಟ್ಟೆ ಸ್ಟ್ಯಾಂಡ್ ಅಲ್ಲಿಡ್ಲಾ? ಮೊನ್ನೆ ಒಗೆದ ಜೀನ್ಸ್ ಇನ್ನೂ ಒಣಗಿಲ್ಲ."

"ಜೀನ್ಸಿಗೆ ಹಸಿವಾಗ್ತದಾ?"

"ಇಲ್ಲ."

"ಇದಕ್ಕೆ ಆಗ್ತದೆ."

ನಾನು ಒದ್ದೆ ಜೀನ್ಸನ್ನು ಮತ್ತೆ ಬಾತ್‌ರೂಮಿನ ಹಗ್ಗಕ್ಕೆ ಹಾಕಿ ಬಂದೆ.

ಇದೆಲ್ಲ ಕೇಳಿ ನನ್ನ ಮಾವ ಹುಟ್ಟಾ ಕೃಷಿಕರು ಎಂದುಕೊಂಡಿರಾದರೆ ತಪ್ಪಾಯಿತು. ಅವರು ಮೀಸೆ ಮೂಡುವ ಮೊದಲೇ ಉಡುಪಿ ಕಡೆಯಿಂದ ಮುಂಬಯಿಗೆ ಬಂದವರು. ಶಹಾಡ್ ಸ್ಟೇಷನ್ ಹತ್ತಿರದ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಅವರ ಪ್ರಾಯವೆಲ್ಲ ಕಳೆಯಿತು. ಆ ಅಡಿಗೆಮನೆಗೆ ಇದ್ದದ್ದು ಒಂದೇ ಕಿಟಕಿ, ಅದರಲ್ಲೂ ಹೊಗೆ ಹೊರಗೆ ತಳ್ಳುವ ಫ್ಯಾನು ಕೂರಿಸಿದ್ದರು. ಸೂರ್ಯ ಏಳುವ ಮೊದಲು ಕಸಾರಾ ಕಡೆಯ ಲೋಕಲ್ ರೈಲು ಹಿಡಿದು ಹೋದರೆ, ರಾತ್ರಿ ಕೊನೆಯ ಗಿರಾಕಿ ಕೈ ತೊಳೆದು, ಪಾತ್ರೆಗಳನ್ನೆಲ್ಲ ಕವುಚಿ ಹಾಕಿದ ಮೇಲೆಯೇ ವಾಪಸ್ಸು. ಬರುವಾಗ ಕೈಯಲ್ಲಿ ಬಾಳೆಲೆಗೆ ಪೇಪರ್ ಸುತ್ತಿದ ಒಂದು ಪಾರ್ಸಲ್. ಅದರಲ್ಲಿ ಉಳಿದ ಇಡ್ಲಿ, ವಡೆ. "ಒಂದು ದಿವಸ ಕೂಡ ಬರಿಗೈಯಲ್ಲಿ ಬಂದವನಲ್ಲ" ಎಂದು ಈಗಲೂ ಎದೆಯುಬ್ಬಿಸಿ ಹೇಳುತ್ತಾರೆ. ವಾರದ ರಜೆಯಲ್ಲಿ ಮುಸುಕೆಳೆದು ಮಲಗಿದರೆ ದೀಪ ಹಚ್ಚುವ ಹೊತ್ತಿಗೇ ಏಳುವುದು.

ಮೊಣಕೈ ನೋವು ಬಂದು ಕೆಲಸ ಬಿಟ್ಟ ಮರುದಿನ ಮಧ್ಯಾಹ್ನ ಅವರು ಹಾಲ್‌ನ ನಡುವೆ ನಿಂತು ಸುತ್ತಲೂ ನೋಡಿದರು. ಆಗ ಟವರ್ ಇನ್ನೂ ಅಡಿಪಾಯದಲ್ಲೇ ಇತ್ತು.

"ನಮ್ಮ ಮನೆಗೆ ಇಷ್ಟು ಬೆಳಕು ಬರ್ತದಾ ಮಾರಾಯ್ತಿ?"

"ಮೊದಲಿಂದ ಬರ್ತದೆ" ಅಂದರು ಅತ್ತೆ. "ನೀವು ಬರುವಷ್ಟರಲ್ಲಿ ಹೋಗಿರ್ತಿತ್ತು."

ತಮ್ಮದೇ ಮನೆಯಲ್ಲಿ ಮಾವ ಹಗಲುಹೊತ್ತಿನ ಹೊಸಬರು. ಸಕ್ಕರೆ ಕೇಳಿದರೆ ಔಷಧಿಯ ಕಪಾಟು ತೆರೆಯುತ್ತಿದ್ದರು. ಮೊದಲ ವಾರದಲ್ಲಿ ಒಮ್ಮೆ ಬಾಗಿಲಲ್ಲಿ ನಿಂತಿದ್ದ ಅವರನ್ನು ನೋಡಿ ಎದುರು ಮನೆಗೆ ಬಂದಿದ್ದ ಮರಾಠಿ ಹೆಂಗಸೊಬ್ಬರು, "ಕೋಣ್ ಪಾಹಿಜೆ?" ಎಂದು ವಿಚಾರಿಸಿದರಂತೆ. ಯಾರು ಬೇಕಾಗಿತ್ತು ಅಂತ! ಅವರ ಮನೆಯ ಬಾಗಿಲಲ್ಲಿ, ಅವರನ್ನೇ. ಅಡಿಗೆಮನೆಗೆ ಕಾಲಿಟ್ಟರೆ ನೂರು ಜನಕ್ಕಾಗುವಷ್ಟು ಸಾಂಬಾರು ಮಾಡುತ್ತಾರೆಂದು ಅತ್ತೆ ಅಲ್ಲಿಗೂ ಬಿಡುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಮಾತ್ರ ವಿನಾಯಿತಿ. ಅಂದು ಮಗನಿಗೆ ಪ್ರೀತಿಯೆಂದು ಮಾವ ಇಡ್ಲಿ ಮಾಡುತ್ತಾರೆ.

ಈ ಇಡ್ಲಿಯದೂ ಒಂದು ಕಥೆ. ನನ್ನ ಗಂಡ ಇಡ್ಲಿ ತಿನ್ನುವುದಿಲ್ಲ. ಅಪ್ಪ ಒಲೆಯ ಕಡೆ ತಿರುಗಿದ ಕೂಡಲೇ ಅವನ ತಟ್ಟೆಯ ಇಡ್ಲಿಗಳಿಗೆ ನನ್ನ ತಟ್ಟೆಗೆ ವರ್ಗವಾಗುತ್ತದೆ. ಖಾಲಿ ತಟ್ಟೆ ಕಂಡು ಮಾವ ಖುಷಿಯಿಂದ ಮತ್ತೆರಡು ಹಾಕುತ್ತಾರೆ. ಅವೂ ನನಗೇ. ಮದುವೆಯಾದ ಮೇಲೆ ನಾನು ದಪ್ಪಗಾದೆ ಎಂದು ತವರಿನವರು ಆಡಿಕೊಳ್ಳುವುದರ ಹಿಂದಿನ ಸತ್ಯ ಇದು. "ಬೇಡ ಅಂತ ಹೇಳೋಕೇನು ನಿನಗೆ?" ಎಂದು ಕೇಳಿದರೆ ಗಂಡ ಚಹಾದ ಲೋಟ ಎತ್ತಿಕೊಳ್ಳುತ್ತಾನೆ.

ಇಂಥ ಮಾವನವರ ಕೈಗೆ ಬಸಳೆ ಬಂದದ್ದು ಅತ್ತೆಯ ಮೊಣಕಾಲಿನ ಆಪರೇಷನ್ ಆದಾಗ. ಅಡಿಗೆಮನೆಯ ಕಿಟಕಿಯ ಹೊರಗಿನ ಗ್ರಿಲ್‌ನಲ್ಲಿ ಅತ್ತೆಯ ಬಸಳೆ ಬಳ್ಳಿ ಇತ್ತು. ಮದುವೆಯಾಗಿ ಊರು ಬಿಡುವಾಗ ಅವರ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ದಂಟು ಅದು. ಬಾಡಿಗೆಯ ಚಾಳಿನಿಂದ ಈ ಫ್ಲಾಟಿಗೆ ಬರುವಾಗಲೂ ಅತ್ತೆ ಅದರದೇ ತುಂಡನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾ ಹತ್ತಿದ್ದರಂತೆ. ಅಮ್ಮ ಹೋಗಿ ಎಷ್ಟೋ ವರ್ಷಗಳಾದವು, ದಂಟು ಮಾತ್ರ ಚಿಗುರುತ್ತಲೇ ಇತ್ತು. ಈಗ ಕಿಟಕಿಯ ಮುಂದೆ ನಿಲ್ಲಲು ಅತ್ತೆಯ ಕಾಲಿಗೆ ಆಗದು. ಮಂಚದ ಮೇಲೆ ಕೂತು ಅತ್ತೆ ಹೇಳಿದರು:

"ಬೇರೆ ಎಂತದೂ ನಿಮ್ಮ ಕೈಯಲ್ಲಿ ಆಗುದು ಬೇಡ. ಇದೊಂದು ಸಾಯದ ಹಾಗೆ ನೋಡ್ಕೊಳ್ಳಿ."

ಮಾವ ತಲೆಯಾಡಿಸಿದರು. ಈ ಮನೆಯಲ್ಲಿ ಅವರಿಗೆ ಸಿಕ್ಕ ಮೊದಲ ಹಗಲುಪಾಳಿಯ ಕೆಲಸ ಅದು. ಅವರ ಗ್ರಹಚಾರ ನೋಡಿ, ಅದೇ ವರ್ಷ ಪಕ್ಕದ ಟವರ್ ಮಹಡಿ ಮೇಲೆ ಮಹಡಿ ಏರಿ ಅಡಿಗೆಮನೆಯ ಕಿಟಕಿಯನ್ನು ಪೂರ್ತಿ ಮುಚ್ಚಿತು. ಅಂಗೈಯಗಲ ಇದ್ದ ಬಸಳೆ ಎಲೆ ತುಳಸಿ ಎಲೆಗಿಂತ ತುಸು ದೊಡ್ಡದು ಅನ್ನುವಷ್ಟಾಯಿತು. ಬಣ್ಣ ಹಳದಿಗೆ ತಿರುಗಿತು. ಅತ್ತೆ ದಿನಾ ವಿಚಾರಿಸುವುದು, ಮಾವ ಏನೋ ಒಂದು ಹೇಳುವುದು, ಮಾತು ತುಳುವಿಗೆ ಹೊರಳುವುದು. ಸೊಸೆಗೆ ತಿಳಿಯಬಾರದ ಜಗಳಗಳಿಗೆಲ್ಲ ಅವರು ತುಳುವನ್ನೇ ಬಳಸುತ್ತಾರೆ. ಇಷ್ಟು ವರ್ಷದಲ್ಲಿ ನನಗೆ ತುಳು ಚೆನ್ನಾಗಿ ಅರ್ಥವಾಗುತ್ತದೆ ಎಂದು ನಾನೂ ಬಾಯಿ ಬಿಟ್ಟಿಲ್ಲ. ಸಂಸಾರ ಅಂದ ಮೇಲೆ ಒಂದೆರಡು ಅನುಕೂಲ ಇರಲಿ ಎಂದು.

ಹೀಗಿರುವಾಗ ಒಂದು ಸಂಜೆ ಮಗಳು ಯೂನಿಟ್ ಟೆಸ್ಟಿಗೆ ವಿಜ್ಞಾನ ಓದುತ್ತಿದ್ದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

"ಫೋಟೋಸಿಂಥೆಸಿಸ್ ಅಂತ ಓದ್ತಿ ಅಲ್ಲ, ಅದು ಯಾರ ಫೋಟೋ?" ಅಂದರು ಮಾವ.

"ಫೋಟೋ ನಹೀ ಅಜ್ಜ. ಪತ್ತಾ ಅಪ್ನಾ ಖಾನಾ ಖುದ್ ಬನಾತಾ ಹೈ."

ಎಲೆ ತನ್ನ ಅಡಿಗೆಯನ್ನು ತಾನೇ ಮಾಡಿಕೊಳ್ಳುತ್ತದೆಯೇ? ಅಡಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾವ ಕುರ್ಚಿ ಎಳೆದುಕೊಂಡು ಅವಳ ಮುಂದೆ ಕೂತರು. ಮುಂದಿನದು ಹೊಸ ಹೋಟೆಲಿಗೆ ಸೇರಿದ ಭಟ್ಟರು ಮಾಲೀಕನನ್ನು ವಿಚಾರಿಸುವ ಕ್ರಮ.

"ಸಾಮಾನು ಎಂತೆಂತ?"

"ಪಾನಿ, ನೀಚೆ ರೂಟ್ಸ್ ಸೆ. ಔರ್ ಕಾರ್ಬನ್ ಡೈಆಕ್ಸೈಡ್, ಹವಾ ಸೆ. ಪತ್ತೇ ಕೆ ನೀಚೆ ಛೋಟೆ ಛೋಟೆ ಹೋಲ್ ಹೋತೇ ಹೈ, ಉಧರ್ ಸೆ ಅಂದರ್ ಜಾತಾ ಹೈ."

"ಬೆಂಕಿ?"

"ಸನ್‌ಲೈಟ್."

"ಭಟ್ಟ ಯಾರು?"

ಮಗಳು ಸ್ವಲ್ಪ ಯೋಚಿಸಿದಳು. "ಕ್ಲೋರೋಫಿಲ್. ವೋ ಗ್ರೀನ್ ವಾಲಾ."

"ಆಗುವ ತಿಂಡಿ?"

"ಗ್ಲೂಕೋಸ್. ಶುಗರ್ ಟೈಪ್."

"ಬರೀ ಸ್ವೀಟಾ" ಎಂದು ಮಾವನಿಗೆ ನಿರಾಸೆಯಾಯಿತು. "ಆಯ್ತು, ಹೊಗೆ? ಅಡಿಗೆ ಅಂದ ಮೇಲೆ ಹೊಗೆ ಬೇಕಲ್ಲ."

"ಆಕ್ಸಿಜನ್ ಬಾಹರ್ ಆತಾ ಹೈ. ಜೋ ಹಮ್ ಲೇತೇ ಹೈ."

ಮಾವ ನನ್ನ ಕಡೆ ತಿರುಗಿ, "ನಮ್ಮ ಹೋಟೆಲಿನ ಹೊಗೆಗೆ ಹಿಂದಿನ ಬಿಲ್ಡಿಂಗಿನವರು ದಿನಾ ಬೈತಿದ್ರು. ಇದರ ಹೊಗೆ ಕುಡಿದು ಊರೇ ಬದುಕ್ತದಲ್ಲ ಮಗಾ" ಅಂದರು. ಅಂದಿನಿಂದ ಬಸಳೆ ಅವರ ಕಣ್ಣಿಗೆ ಗಿಡವಾಗಿ ಉಳಿಯಲಿಲ್ಲ, ಜೊತೆಗೆ ಕೆಲಸ ಮಾಡುವ ಇನ್ನೊಬ್ಬ ಭಟ್ಟನಾಯಿತು.

ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ಬೆಳಕು, ನೀರು, ಕಾರ್ಬನ್ ಡೈಆಕ್ಸೈಡ್, ಸರಿಯಾದ ಶಾಖ, ಇಷ್ಟರಲ್ಲಿ ಯಾವುದು ಕಡಿಮೆಯಿದೆಯೋ ಅದೇ ಇಡೀ ಕೆಲಸದ ವೇಗವನ್ನು ಹಿಡಿದಿಡುತ್ತದೆ. ಉಳಿದದ್ದನ್ನು ಎಷ್ಟು ಸುರಿದರೂ ಪ್ರಯೋಜನವಿಲ್ಲ. ಮಗಳಿಗೆ ಇದು ತಲೆಗೆ ಹೋಗಲಿಲ್ಲ. ಮಾವ ವಿವರಿಸಿದರು.

"ಅಕ್ಕಿ ಉಂಟು, ಉದ್ದು ಉಂಟು, ನೀರು ಉಂಟು. ಗ್ಯಾಸ್ ಇಲ್ಲ. ಎಷ್ಟು ಇಡ್ಲಿ ಆಗ್ತದೆ?"

"ಝೀರೋ."

"ಇನ್ನೊಂದು ಮೂಟೆ ಅಕ್ಕಿ ತಂದ್ರೆ?"

"ಫಿರ್ ಭೀ ಝೀರೋ."

"ಗ್ಯಾಸ್ ತಂದ್ರೆ?"

"ಜಬ್ ತಕ್ ಹಿಟ್ಟು ಹೈ ತಬ್ ತಕ್ ಇಡ್ಲಿ."

"ಅಷ್ಟೇ ಪಾಠ. ಪುಸ್ತಕ ಮುಚ್ಚು."

ಅವಳು ಪರೀಕ್ಷೆಯಲ್ಲಿ ಇಡ್ಲಿಯ ಉದಾಹರಣೆಯನ್ನೇ ಬರೆದು ಬಂದಳು. ಟೀಚರ್ ಪೂರ್ತಿ ಅಂಕ ಕೊಟ್ಟು, ಪೇರೆಂಟ್ಸ್ ಮೀಟಿಂಗಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮದು ಟಿಫಿನ್ ಸೆಂಟರ್ ಇದೆಯಾ, ಪಾರ್ಟಿ ಆರ್ಡರ್ ತಗೋತೀರಾ ಎಂದು ಕೇಳಿದರು.

ಪಾಠ ಮಾಡುವುದು ಸುಲಭ. ನಮ್ಮ ಬಸಳೆಗೆ ಕಡಿಮೆಯಾಗಿರುವುದು ಯಾವುದು ಎಂದು ಕಂಡುಹಿಡಿಯಬೇಡವೇ? ನಮಗೆಲ್ಲ ಕಿಟಕಿಯ ಹೊರಗೆ ಟವರ್ ಕಾಣುತ್ತಿತ್ತು. ಮಾವ ಮಾತ್ರ ಒಳ್ಳೆ ಭಟ್ಟರಂತೆ ಉಗ್ರಾಣದಿಂದಲೇ ಶುರು ಮಾಡಿದರು.

ಮೊದಲು ನೀರು. ಬೆಳಗ್ಗೆ ಒಂದು ಚೊಂಬು, ಮಧ್ಯಾಹ್ನ ಒಂದು, ಸಂಜೆ ಒಂದು, ಪಾಪ ಅನ್ನಿಸಿದಾಗೆಲ್ಲ ಇನ್ನೊಂದು. ನೀರು ಕುಂಡ ತುಂಬಿ, ಗ್ರಿಲ್ ದಾಟಿ, ಕೆಳಗಿನ ಮನೆಯವರ ಒಗೆದ ಬಟ್ಟೆಗಳ ಮೇಲೆ ಕೆಂಪಗೆ ಇಳಿಯಿತು. ಸೊಸೈಟಿಯ ಸೆಕ್ರೆಟರಿ ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದರು. ಸಾಧು ಮನುಷ್ಯ, ಆದರೆ ಅಂದು ಸಿಟ್ಟಿನಲ್ಲಿದ್ದರು. ಬಾಗಿಲಲ್ಲೇ ನಿಂತು ಹಿಂದಿ ಮರಾಠಿ ಎರಡರಲ್ಲೂ ಬೈಯತೊಡಗಿದರು. ಮಾವ ಕೈ ಹಿಡಿದು ಅವರನ್ನು ಅಡಿಗೆಮನೆಗೆ, ಬಸಳೆ ಗಿಡದ ಮುಂದಕ್ಕೆ ಕರೆದುಕೊಂಡು ಹೋದರು.

"ಇಧರ್ ಆಕೆ ಬೋಲೋ ಸಾಬ್. ಝಾಡ್ ಕೆ ಪಾಸ್. ಝೋರ್ ಸೆ ಬೋಲೋ."

"ಕಾಯ್ಕೋ?"

"ಆಪ್ ಕಾ ಮೂಹ್ ಸೆ ಕಾರ್ಬನ್ ಡೈಆಕ್ಸೈಡ್ ಆತಾ ಹೈ. ಫುಕಟ್ ಮೇ ಜಾ ರಹಾ ಹೈ."

ತಮ್ಮ ಬಾಯಿಯ ಗಾಳಿ ಗಿಡಕ್ಕೆ ಸಿಗದೆ ದಂಡವಾಗುತ್ತಿದೆ ಎಂದು ಕೇಳಿ ಸೆಕ್ರೆಟರಿ ಬಾಯಿ ಮುಚ್ಚಿದರು. ಉಸಿರು ಬಿಡುವುದಕ್ಕೂ ಯೋಚಿಸಿದಂತೆ ಕಂಡಿತು. ನಾನು ಚಹಾ ಮಾಡಿ ಕೊಟ್ಟೆ.

ಹೀಗೆ ಎರಡನೆಯ ಸಾಮಾನು ಕಾರ್ಬನ್ ಡೈಆಕ್ಸೈಡ್ ಎಂದಾಯಿತಲ್ಲ. ಮಾವ ಕನ್ನಡ ಪೇಪರನ್ನು ಬಸಳೆಯ ಎದುರು ಕೂತು ಗಟ್ಟಿಯಾಗಿ ಓದತೊಡಗಿದರು, ಉಸಿರು ನೇರವಾಗಿ ಎಲೆಗೆ ತಾಗುವ ಹಾಗೆ. ಅದೂ ಸಾಲದೆಂದು ಸೋಡಾದಲ್ಲಿರುವ ಗುಳ್ಳೆ ಅದೇ ಅನಿಲದ್ದು ಎಂದು ಮಗಳಿಂದ ತಿಳಿದುಕೊಂಡು ಅಂಗಡಿಗೆ ಹೋದರು. ಸಾದಾ ಸೋಡಾ ಮುಗಿದಿತ್ತು. ಜೀರಾ ಸೋಡಾ ತಂದು, ಚೆನ್ನಾಗಿ ಕುಲುಕಿ, ಬಳ್ಳಿಯ ಬುಡದಲ್ಲಿ ಬಿರಡೆ ತೆಗೆದರು. ಮರುದಿನ ಬೆಳಗ್ಗೆ ನೋಡಿದರೆ ಗೋಡೆಯುದ್ದಕ್ಕೂ ಇರುವೆಗಳ ಮೆರವಣಿಗೆ. ಅತ್ತೆ ಮಂಚದಿಂದಲೇ ಕೇಳಿದರು, "ಗಿಡಕ್ಕೆ ಎಂತ ಅಜೀರ್ಣ ಆಗಿತ್ತಾ?"

ಮೂರನೆಯದು ಶಾಖ. ಇದು ಮಾವನಿಗೆ ನೀರು ಕುಡಿದಷ್ಟು ಸಲೀಸು. "ಥಂಡಿಗೆ ಇಡ್ಲಿಹಿಟ್ಟು ಉಬ್ಬುದಿಲ್ಲ. ಸೆಕೆ ಹೆಚ್ಚಾದ್ರೆ ಹುಳಿ ಬಂದು ಹಾಳು. ಎಲೆಯೊಳಗಿನ ಕೆಲಸವೂ ಹಾಗೆಯೇ, ಹದ ಬೇಕು" ಎಂದರು. ಮಾತೇನೋ ಸರಿ. ಜನವರಿಯ ಚಳಿಗೆ ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತುವ ಹಾಗೆ ಕುಂಡಕ್ಕೂ ಏನಾದರೂ ಸುತ್ತಬೇಕು ಎಂದುಕೊಂಡದ್ದೂ ಇರಲಿ. ಆದರೆ ಅವರಿಗೆ ಸಿಕ್ಕಿದ್ದು ನನ್ನ ಮದುವೆಗೆ ದೊಡ್ಡಮ್ಮ ಕೊಟ್ಟ ರೇಷ್ಮೆ ಶಾಲು! ಆಫೀಸಿನಿಂದ ಬಂದು ನೋಡುತ್ತೇನೆ, ಜರಿ ಅಂಚಿನ ಶಾಲು ಹೊದ್ದು, ಪಕ್ಕದಲ್ಲಿ ಅತ್ತೆಯನ್ನು ನೋಡಲು ಬಂದವರು ತಂದ ಹಣ್ಣಿನ ಬುಟ್ಟಿ ಇಟ್ಟುಕೊಂಡು, ಬಸಳೆ ಕನ್ನಡ ಸಂಘದಲ್ಲಿ ಸನ್ಮಾನ ಮಾಡಿಸಿಕೊಂಡ ಹಿರಿಯರ ಹಾಗೆ ಕೂತಿದೆ. ಭಾಷಣ ಮಾಡುವುದೊಂದು ಬಾಕಿಯಿತ್ತು.

ಎಲೆಯ ಮೇಲೆ ಕಾರ್ಖಾನೆ ಕಡೆಯ ಧೂಳು ಕೂತರೆ ಬೆಳಕು ಒಳಗೆ ಹೋಗುವುದಿಲ್ಲ ಎಂದು ದಿನಾ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿದರು, ಹೋಟೆಲಿನ ಟೇಬಲ್ ಒರೆಸುವ ಹಾಗೆ. ಅದರಿಂದ ಎಲೆಗೆ ಹೊಳಪು ಬಂತೇ ಹೊರತು ಹಸಿರು ಬರಲಿಲ್ಲ. ಕೊನೆಗೆ ಅವರೂ ಒಪ್ಪಿಕೊಂಡರು: ಉಗ್ರಾಣದಲ್ಲಿ ಎಲ್ಲ ಉಂಟು, ಗ್ಯಾಸ್ ಮಾತ್ರ ಇಲ್ಲ.

ಬೆಳಕಿಗೇನು ಮಾಡುವುದು? ಮಾವ ಸ್ಟೇಷನ್ ಹತ್ತಿರದ ಅಂಗಡಿಯಿಂದ ಒಂದು ಬಲ್ಬ್ ತಂದರು. ಹಸಿರು ಬಲ್ಬ್. ಎಲೆ ಹಸಿರು, ಭಟ್ಟನೂ ಹಸಿರು, ಆದ್ದರಿಂದ ಬೆಂಕಿಯೂ ಹಸಿರೇ ಇದ್ದರೆ ಒಗ್ಗುತ್ತದೆ ಎಂಬುದು ಅವರ ಲೆಕ್ಕ. ಕುಂಡವನ್ನು ಹಾಲ್‌ಗೆ ತಂದು ಮೇಲೆ ಬಲ್ಬ್ ಇಳಿಬಿಟ್ಟರು. ನಮ್ಮ ಮುಖ, ಅನ್ನ, ಮೊಸರು ಎಲ್ಲ ಹಸಿರಾದವು. ಸಂಜೆ ಗಾಡಿಯ ನೂಕುನುಗ್ಗಲಲ್ಲಿ ಹಣ್ಣಾಗಿ ಬಂದ ನನ್ನ ಗಂಡ ಬಾಗಿಲು ತೆರೆದವನೇ ಗಾಬರಿಯಾಗಿ, "ಯಾರಿಗೆ ಹುಷಾರಿಲ್ಲ?" ಎಂದ. ಅಷ್ಟಾದರೂ ಬಸಳೆ ಇನ್ನಷ್ಟು ಬಿಳಿಚಿಕೊಂಡಿತು. ಎರಡು ಎಲೆ ಉದುರಿತು. ಅತ್ತೆಗೆ ಕಾಣದ ಹಾಗೆ ಮಾವ ಅವನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಮಗಳಿಗೆ ಅಷ್ಟರಲ್ಲಿ ಬಣ್ಣಗಳ ಪಾಠ ಬಂದಿತ್ತು. ಒಂದು ದಿನ ಊಟದ ಹೊತ್ತಿಗೆ ಬಲ್ಬ್ ನೋಡಿ ಹಣೆ ಚಚ್ಚಿಕೊಂಡಳು.

"ಅಜ್ಜ, ಗ್ರೀನ್ ತೋ ಪತ್ತಾ ಲೇತಾ ಹೀ ನಹೀ. ರೆಡ್ ಔರ್ ಬ್ಲೂ ಲೇತಾ ಹೈ. ಗ್ರೀನ್ ವಾಪಸ್ ಫೇಕ್ತಾ ಹೈ, ಇಸೀಲಿಯೇ ತೋ ಹಮ್ ಕೋ ಗ್ರೀನ್ ದಿಖ್ತಾ ಹೈ."

ಬೆಳಕಿನ ಬಣ್ಣಗಳಲ್ಲಿ ಕೆಂಪು, ನೀಲಿಯೇ ಎಲೆಗೆ ಹೆಚ್ಚು ಇಷ್ಟ. ಹಸಿರನ್ನು ಅದು ಬಹಳಮಟ್ಟಿಗೆ ತಿರುಗಿಸಿ ಕಳಿಸುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಹಾಗೆ ತಿರುಗಿ ಬಂದ ಬಣ್ಣ. ಮಾವ ಬಾಯಿಗಿಟ್ಟ ತುತ್ತನ್ನು ಅಗಿಯುವುದನ್ನೇ ಬಿಟ್ಟರು.

"ಅಂದ್ರೆ," ಎಂದರು, "ಗಿರಾಕಿ ಬೇಡ ಅಂತ ವಾಪಸ್ ಕಳಿಸಿದ್ದನ್ನೇ ನಾನು ಮತ್ತೆ ಮತ್ತೆ ಬಡಿಸಿದ್ದಾ?"

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ. ಎದ್ದು ಬಲ್ಬ್ ಬಿಚ್ಚಿದರು, ಬಿಸಿಯಿದೆ ಎಂಬುದನ್ನೂ ಮರೆತು. ಆ ಭಾನುವಾರ ಇಡ್ಲಿ ಬಡಿಸಿದ ಮೇಲೆ ಒಲೆಯ ಕಡೆ ತಿರುಗದೆ ಮಗನ ಮುಖವನ್ನೇ ನೋಡುತ್ತಾ ನಿಂತರು. ನನ್ನ ಗಂಡ ಬೇರೆ ದಾರಿಯಿಲ್ಲದೆ ನಾಲ್ಕನ್ನೂ ತಿಂದ. ಮಾವ ಪಾತ್ರೆ ತೊಳೆಯಲು ಹೋದರು.

ಅದಾದ ಮೇಲೆ ಶುರುವಾದದ್ದು ಈ ಕರ್ಚೀಫಿನ ವ್ಯವಹಾರ. ಹಾಲ್‌ಗೆ ಬರುವ ಒಂದು ತುಂಡು ಬಿಸಿಲಿನ ದಾರಿಯನ್ನು ಅವರು ಸೀಮೆಸುಣ್ಣದಲ್ಲಿ ಗೆರೆ ಎಳೆದು ಗುರುತು ಮಾಡಿದರು. ಬಸಳೆಯ ಕುಂಡವನ್ನು ಗ್ಯಾಸ್ ಸಿಲಿಂಡರ್ ಇಡುವ ಗಾಲಿಯ ಟ್ರಾಲಿಯ ಮೇಲೆ ಕೂರಿಸಿ, ಅದಕ್ಕೊಂದು ಹಗ್ಗ ಕಟ್ಟಿದರು. ಬಿಸಿಲು ಒಂದು ಗೇಣು ಸರಿದರೆ ಮಾವ ಹಗ್ಗ ಒಂದು ಗೇಣು ಎಳೆಯುವುದು. ಮನೆಯಿಂದಲೇ ಕೆಲಸ ಮಾಡುವ ದಿನ ನಾನು ಆಫೀಸಿನ ವಿಡಿಯೋ ಮೀಟಿಂಗಿನಲ್ಲಿದ್ದರೆ ನನ್ನ ಹಿಂದಿನಿಂದ ಬಸಳೆ ತೇಲಿಕೊಂಡು ಹೋಗುವುದನ್ನು ಐರೋಲಿಯ ಆಫೀಸಿನಲ್ಲಿ ಕೂತ ನಮ್ಮ ಮ್ಯಾನೇಜರ್ ಬಾಯಿ ತೆರೆದು ನೋಡಿದ್ದುಂಟು.

ಆ ಒಂದು ತುಂಡಿನಿಂದ ಬಸಳೆ ಸಾಯುವುದು ನಿಂತಿತು, ಬದುಕುವುದು ಶುರುವಾಗಲಿಲ್ಲ. ಹೊಸ ಚಿಗುರು ಒಂದೂ ಇಲ್ಲ.

ಪರಿಹಾರ ಬಂದದ್ದು ಬೈದು ಹೋದ ಸೆಕ್ರೆಟರಿಯಿಂದಲೇ. ಟವರ್ ಅವರ ತುಳಸಿಯನ್ನೂ ಬಿಟ್ಟಿರಲಿಲ್ಲ. ಕಡ್ಡಿಯಾದ ತುಳಸಿಯನ್ನು ಎತ್ತಿಕೊಂಡು ಅವರು ಮಾವನ ಹತ್ತಿರ ಬಂದರು, ಡಾಕ್ಟರ ಹತ್ತಿರ ಬರುವ ಹಾಗೆ. ಮಾವ ನೋಡಿ, "ಗ್ಯಾಸ್ ನಹೀ ಹೈ ಸಾಬ್" ಅಂದರು. ಸೆಕ್ರೆಟರಿ ಅಂದೇ ಸೊಸೈಟಿಯ ಟೆರೇಸಿನ ಬೀಗ ತೆಗೆಸಿದರು. ಬೇಕಾದವರು ಕುಂಡ ಇಟ್ಟುಕೊಳ್ಳಿ, ನೀರು ಮಾತ್ರ ಚೆಲ್ಲಬೇಡಿ ಎಂದರು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲೋ ಬಿಸಿಲು.

ಮಾವ ಒಪ್ಪಲಿಲ್ಲ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಅತ್ತೆಗೆ ಮೆಟ್ಟಿಲು ಹತ್ತಲಾಗುವುದಿಲ್ಲ.

"ಮೇಲೆ ಇಟ್ರೆ ಅವಳಿಗೆ ಕಾಣುದಿಲ್ಲ" ಎಂದರು ನನ್ನ ಹತ್ತಿರ.

ಅತ್ತೆ ಒಳಗಿನಿಂದ ಕೇಳಿಸಿಕೊಂಡರು. "ನನಗೆ ಕಾಣುದು ಮುಖ್ಯವಾ, ಅದು ಬದುಕುದು ಮುಖ್ಯವಾ? ತಗೊಂಡು ಹೋಗಿ."

ಹಾಗೆಂದವರು ಕುಂಡ ಬಾಗಿಲು ದಾಟುವಾಗ ಗೋಡೆಯ ಕಡೆ ಮುಖ ತಿರುಗಿಸಿದರು. ಮಾವ ನೋವಿನ ಮೊಣಕೈಯಲ್ಲೇ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಸಹಾಯಕ್ಕೆ ಹೋದ ನನ್ನನ್ನು ಬೈದು ಕಳಿಸಿದರು.

ಮರುದಿನ ಮಧ್ಯಾಹ್ನ ಕಿಟಕಿಯ ಕೆಳಗೆ ಬಿಸಿಲು ಬಿತ್ತು. ಕರ್ಚೀಫಿಲ್ಲ, ಟ್ರಾಲಿಯಿಲ್ಲ. ಒಂದು ರಾಜ್ಯವೇ ತೆರವಾದ ಹಾಗೆ. ನಾನು ಒಂದು ಕ್ಷಣವೂ ತಡಮಾಡದೆ ಬಟ್ಟೆ ಸ್ಟ್ಯಾಂಡ್ ಎಳೆದು ತಂದು ನಿಲ್ಲಿಸಿದೆ. ಒಂದು ತಿಂಗಳು, ಎರಡು ತಿಂಗಳು, ನಮ್ಮ ಬಟ್ಟೆಗಳಿಗೆ ಬಿಸಿಲಿನ ವಾಸನೆ ಬಂತು. ಮಾವ ದಿನವಿಡೀ ಟೆರೇಸಿನಲ್ಲಿ. ಇಳಿದು ಬಂದು ಅತ್ತೆಗೆ ವರದಿ ಒಪ್ಪಿಸುವುದು: ಇವತ್ತು ಒಂದು ಚಿಗುರು, ಇವತ್ತು ಎಲೆ ಇಷ್ಟಗಲ. ಅತ್ತೆ ಹೂಂ ಎನ್ನುವರು.

ಒಂದು ದಿನ ಅವರು ಮಧ್ಯಾಹ್ನ ಕೆಳಗಿಳಿದಾಗ ಕೈಯಲ್ಲಿ ಒಂದು ಕಟ್ಟು ಬಸಳೆ. ದಪ್ಪ ದಂಟು, ಅಂಗೈಯಗಲದ ಎಲೆ, ಮುಟ್ಟಿದರೆ ಮೇಣದ ಹಾಗೆ ತಣ್ಣಗೆ. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಒಂದು ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದರು. ಮಾವ ಹಾಲ್‌ಗೆ ಬಂದು ನನ್ನ ಬಟ್ಟೆ ಸ್ಟ್ಯಾಂಡನ್ನು ಒಂದು ಮಾತೂ ಕೇಳದೆ ಪಕ್ಕಕ್ಕೆ ತಳ್ಳಿದರು. ಬೆತ್ತದ ಕುರ್ಚಿ ತಂದು ಬಿಸಿಲಿನಲ್ಲಿಟ್ಟರು. ಅತ್ತೆಯ ತೋಳು ಹಿಡಿದು ಮೆಲ್ಲಗೆ ನಡೆಸಿಕೊಂಡು ಬಂದು ಅದರಲ್ಲಿ ಕೂರಿಸಿದರು. ತಾವು ನೆಲದ ಮೇಲೆ ಕೂತು ಬಸಳೆ ದಂಟು ಮುರಿಯತೊಡಗಿದರು. ಬಿಸಿಲು ಅತ್ತೆಯ ಕಾಲಿನ ಮೇಲಿತ್ತು.

ಸ್ವಲ್ಪ ಹೊತ್ತಿನಲ್ಲಿ ಮಾತು ತುಳುವಿನಲ್ಲಿ ಶುರುವಾಯಿತು. ಆದ್ದರಿಂದ ನಾನು ಸೋಫಾದಲ್ಲಿ ಲ್ಯಾಪ್‌ಟಾಪ್ ನೋಡುತ್ತಾ ಅಲ್ಲೇ ಇರಬಹುದಾಗಿತ್ತು. ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಒಂದು ಕೇಳ್ತೇನೆ. ಸತ್ಯ ಹೇಳ್ಬೇಕು."

"ಕೇಳಿ."

"ನಾನು ರಾತ್ರಿ ತರ್ತಿದ್ದೆನಲ್ಲ, ಪಾರ್ಸಲ್. ಅದು ನಿಮಗೆ ಬೇಕಿತ್ತಾ?"

"ಮೊದಮೊದಲು ಬೇಕಿತ್ತು" ಅಂದರು ಅತ್ತೆ. "ಆಮೇಲೆ ಪಕ್ಕದ ಮನೆ ಮಕ್ಕಳಿಗೆ ಬೇಕಿತ್ತು. ಆಮೇಲೆ ಅವರಿಗೂ ಬೇಡ ಆಯ್ತು."

"ಮಗ?"

"ಅವನು ಇಡ್ಲಿ ತಿನ್ನುದು ಬಿಟ್ಟು ಎಷ್ಟು ಕಾಲ ಆಯ್ತು, ನಿಮಗೆ ಗೊತ್ತಿಲ್ಲದ್ದು."

"ನೀನು ಒಂದು ಮಾತು ಹೇಳ್ಬಾರದಿತ್ತಾ?"

"ದಿನವಿಡೀ ಬೆಂಕಿಯೆದುರು ನಿಂತು, ಅದನ್ನು ಕೈಯಲ್ಲಿ ಹಿಡ್ಕೊಂಡು ನಗ್ತಾ ಬಾಗಿಲಲ್ಲಿ ನಿಲ್ತಿದ್ರಿ. ಹೇಗೆ ಹೇಳುದು?"

ದಂಟು ಮುರಿಯುವ ಸದ್ದು ನಿಂತಿತು. ನಾನು ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತಿದ್ದೆ, ಅದರಲ್ಲಿ ಏನಿತ್ತೋ ನನಗೆ ತಿಳಿಯದು.

"ಹಾಗಾದ್ರೆ ನಿಮಗೆ ಎಂತ ಬೇಕಿತ್ತು?" ಅಂದರು ಮಾವ.

ಅತ್ತೆ ತಮ್ಮ ಕಾಲಿನ ಮೇಲಿನ ಬಿಸಿಲನ್ನು ನೋಡಿದರು. "ಇದೇ. ಹಗಲಲ್ಲಿ ಒಮ್ಮೆ ಹೀಗೆ ಕೂತ್ಕೊಳ್ಳುದು. ಬೇರೆಂತ?"

ಅವರಿಬ್ಬರನ್ನೇ ಬಿಟ್ಟು ಎದ್ದು ಹೋಗೋಣವೆಂದರೆ ತುಳು ಬರುತ್ತದೆ ಎನ್ನುವುದು ಬಯಲಾಗುತ್ತದೆ. ಸುಮ್ಮನೆ ಕೂತೆ. ಬಿಸಿಲು ಒಂದು ಗೇಣು ಸರಿಯಿತು. ಮಾವ ಎದ್ದು, ಅತ್ತೆ ಕೂತಿದ್ದ ಕುರ್ಚಿಯನ್ನು ಜೋಪಾನವಾಗಿ ಒಂದು ಗೇಣು ಎಳೆದರು, ಮತ್ತೆ ಕೆಳಗೆ ಕೂತರು. ಸೋಫಾದ ಕಾಲು, ಶೂ ಸ್ಟ್ಯಾಂಡ್, ಗೋಡೆ. ಕ್ಯಾಲೆಂಡರಿನ ಮೇಲೆ ಬಿಸಿಲು ಮಾಯವಾದ ಮೇಲೂ ಇಬ್ಬರೂ ಅಲ್ಲೇ ಇದ್ದರು. ಆ ರಾತ್ರಿಯ ಬಸಳೆ ಹುಳಿಯನ್ನು ಅತ್ತೆ ಅಡಿಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಹೇಳಿ ಹೇಳಿ, ಮಾವನ ಕೈಯಲ್ಲೇ ಮಾಡಿಸಿದರು. ನೂರು ಜನಕ್ಕಲ್ಲ, ಐದೇ ಜನಕ್ಕೆ.

ಭಾನುವಾರ ಬೆಳಗ್ಗೆ ಮಾವ ಒಲೆ ಹಚ್ಚುವ ಮೊದಲು ಮಗನ ಹತ್ತಿರ ಬಂದು ನಿಂತು, "ನಿನಗೆ ಎಂತ ಮಾಡ್ಲಿ?" ಎಂದು ಕೇಳಿದರು. ನನ್ನ ಗಂಡ ಪೇಪರ್ ಕೆಳಗಿಟ್ಟ. ಆಮೇಲೆ ಚಿಕ್ಕ ಹುಡುಗನ ದನಿಯಲ್ಲಿ, "ಕಾಂದಾ ಪೋಹೆ" ಅಂದ. ಈರುಳ್ಳಿ ಹಾಕಿದ ಆ ಮರಾಠಿ ಅವಲಕ್ಕಿ ಮಾವನಿಗೆ ಮಾಡಲು ಬರುವುದಿಲ್ಲ. ಈಗ ಕಲಿಯುತ್ತಿದ್ದಾರೆ, ಅವಲಕ್ಕಿ ಮುದ್ದೆಯಾಗುತ್ತದೆ. ಗಂಡ ಪೂರ್ತಿ ತಿನ್ನುತ್ತಾನೆ.

ಇನ್ನು ನನ್ನ ಜೀನ್ಸ್ ವಿಷಯ. ಬಸಳೆ ಟೆರೇಸಿಗೆ ಹೋದ ಮೇಲೆ ಆ ಬಿಸಿಲು ನನ್ನದೇ ಎಂದುಕೊಂಡಿದ್ದೆನಲ್ಲ, ಎರಡು ತಿಂಗಳಲ್ಲಿ ಆ ಆಸೆ ಮುಗಿಯಿತು. ಈಗ ಮಧ್ಯಾಹ್ನದ ಪಾತ್ರೆ ತೊಳೆದು ಮುಗಿಯುವ ಮೊದಲೇ ಕಿಟಕಿಯ ಕೆಳಗೆ ಕರ್ಚೀಫು ಬಿದ್ದಿರುತ್ತದೆ. ಒಂದಲ್ಲ, ಎರಡು, ಅಕ್ಕಪಕ್ಕ. ನಾನು ಅವುಗಳನ್ನು ತುಳಿಯದ ಹಾಗೆ ಸುತ್ತಿ ಹೋಗಿ ಬಟ್ಟೆಗಳನ್ನು ಬಾತ್‌ರೂಮಿನಲ್ಲೇ ಒಣಹಾಕುತ್ತೇನೆ.